ಕರಾಟೆಯಿಂದ ಕಿಕ್ ಲೈಟ್‌ಗೆ: ಹತ್ತು ವಾರದಲ್ಲಿ ಏನು ಬದಲಾಗಬೇಕು?

ಪ್ರಶ್ನೆ: ನನಗೆ 22 ವರ್ಷ, ತೂಕ 68 ಕೆಜಿ. ಎಂಟು ವರ್ಷದಿಂದ ಶೋಟೊಕಾನ್ ಕರಾಟೆ ಕಲಿಯುತ್ತಿದ್ದೇನೆ, ಬ್ಲ್ಯಾಕ್ ಬೆಲ್ಟ್ ಆಗಿದೆ, ಕುಮಿತೆಯಲ್ಲಿ (ಕರಾಟೆಯ ಎದುರುಬದುರಿನ ಪಂದ್ಯ) ರಾಜ್ಯ ಮಟ್ಟದವರೆಗೆ ಆಡಿದ್ದೇನೆ. ಹತ್ತು ವಾರ ಬಿಟ್ಟು ಮೊದಲ ಸಲ ಕಿಕ್‌ಬಾಕ್ಸಿಂಗ್‌ನ ಕಿಕ್ ಲೈಟ್ ವಿಭಾಗದಲ್ಲಿ ಇಳಿಯಬೇಕೆಂದಿದ್ದೇನೆ. ನಮ್ಮ ಜಿಮ್‌ನಲ್ಲಿ ಒಬ್ಬ ಬಾಕ್ಸರ್, ಒಬ್ಬ ಟೇಕ್ವಾಂಡೋ ಆಟಗಾರ್ತಿ, ಗರಡಿಯಿಂದ ಬಂದ ಒಬ್ಬ ಪೈಲ್ವಾನ್ ಇದ್ದಾರೆ. ಇವರ ಜೊತೆ ಹೇಗೆ ಅಭ್ಯಾಸ ಮಾಡಬೇಕು? 63 ಕೆಜಿಗೆ ಇಳಿದರೆ ಅನುಕೂಲವೇ? ಕಿಕ್‌ಬಾಕ್ಸಿಂಗ್ ಆಡಿದರೆ ಕರಾಟೆ ಕೆಡುತ್ತದೆ ಅಂತ ನಮ್ಮ ಸರ್ ಹೇಳುತ್ತಾರೆ, ನಿಜವೇ? – ಒಬ್ಬ ಓದುಗ, ದಾವಣಗೆರೆ

ಉತ್ತರ: ಹತ್ತು ವಾರ ಸಾಕು, ಆದರೆ ಆ ಸಮಯವನ್ನು ಹೊಸ ಕಿಕ್ ಕಲಿಯುವುದಕ್ಕೆ ಕಳೆಯಬೇಡಿ. ಎಂಟು ವರ್ಷ ಕುಮಿತೆ ಆಡಿದವರಿಗೆ ವೇಗವೂ ಇರುತ್ತದೆ, ಎದುರಾಳಿ ಕದಲುವ ಮೊದಲೇ ಒಳಗೆ ನುಗ್ಗುವ ಕಣ್ಣೂ ಇರುತ್ತದೆ. ನಿಮಗೆ ತೊಂದರೆ ಕೊಡುವುದು ಬೇರೆ. ಪಾಯಿಂಟ್ ಬಿದ್ದ ಕೂಡಲೇ ರೆಫ್ರಿ ‘ಯಮೆ’ ಎಂದು ನಿಲ್ಲಿಸುವ ಆಟದಲ್ಲಿ ನಿಮ್ಮ ದೇಹ ಬೆಳೆದಿದೆ. ಮೊದಲ ಹೊಡೆತ ಮುಟ್ಟಿದ ಮೇಲಿನ ಎರಡು ಸೆಕೆಂಡಿನಲ್ಲಿ ಏನು ಮಾಡಬೇಕೆಂದು ಅದಕ್ಕೆ ಯಾರೂ ಕಲಿಸಿಲ್ಲ. ಕಿಕ್ ಲೈಟ್‌ನ ಸೋಲು ಗೆಲುವು ಬಹುಮಟ್ಟಿಗೆ ನಡೆಯುವುದು ಆ ಎರಡು ಸೆಕೆಂಡಿನಲ್ಲೇ.

ಮೊದಲು ಎರಡೂ ಆಟಗಳ ನಿಯಮಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ವಿಶ್ವ ಕರಾಟೆ ಒಕ್ಕೂಟದ (ಡಬ್ಲ್ಯುಕೆಎಫ್) ಕುಮಿತೆಯಲ್ಲಿ ಪಂಚ್‌ಗೆ 1, ಹೊಟ್ಟೆ, ಎದೆ, ಬೆನ್ನಿಗೆ ಬಿದ್ದ ಕಿಕ್‌ಗೆ 2, ತಲೆಗೆ ಬಿದ್ದ ಕಿಕ್‌ಗೆ 3 ಪಾಯಿಂಟ್. ಎಂಟು ಪಾಯಿಂಟ್ ಮುಂದಾದರೆ ಅಲ್ಲಿಗೆ ಪಂದ್ಯ ಮುಗಿಯಿತು. ತೊಡೆಗೆ ಹೊಡೆಯುವ ಹಾಗಿಲ್ಲ. ಮುಖದ ಹೊಡೆತವನ್ನು ಹಿಡಿತದಲ್ಲಿ ಇಟ್ಟುಕೊಳ್ಳಬೇಕು. ಅಂತರರಾಷ್ಟ್ರೀಯ ಕಿಕ್‌ಬಾಕ್ಸಿಂಗ್ ಸಂಸ್ಥೆಯಾದ ವಾಕೋದ ಕಿಕ್ ಲೈಟ್‌ನಲ್ಲಿ ತಲಾ ಎರಡು ನಿಮಿಷದ ಮೂರು ರೌಂಡ್, ನಡುವೆ ಒಂದು ನಿಮಿಷ ವಿಶ್ರಾಂತಿ. ಪಾಯಿಂಟ್ ಬಿದ್ದರೂ ಆಟ ನಿಲ್ಲುವುದಿಲ್ಲ, ಪಕ್ಕದಲ್ಲಿ ಕುಳಿತ ಮೂವರು ಜಡ್ಜ್‌ಗಳು ಎಣಿಸುತ್ತಲೇ ಇರುತ್ತಾರೆ. ಪಂಚ್‌ಗೆ 1, ದೇಹಕ್ಕೆ ಕಿಕ್‌ಗೆ 1, ತೊಡೆಗೆ ಕಿಕ್‌ಗೆ 1, ಪಾದದಿಂದ ಪಾದ ತಳ್ಳಿ ಬೀಳಿಸುವ ಸ್ವೀಪ್‌ಗೆ 1, ತಲೆಗೆ ಕಿಕ್‌ಗೆ 2. ಹಾರಿ ಹೊಡೆದರೆ ದೇಹಕ್ಕೆ 2, ತಲೆಗೆ 3. ಹಿಡಿಯುವುದು, ಎತ್ತಿ ಕೆಡವುವುದು ಇಲ್ಲ. ಹೆಸರಿನಲ್ಲೇ ‘ಲೈಟ್’ ಇರುವುದರಿಂದ ಪೂರ್ಣ ಬಲದಲ್ಲಿ ಹೊಡೆದರೆ ಎಚ್ಚರಿಕೆ, ಆಮೇಲೆ ಪಾಯಿಂಟ್ ಕಡಿತ. ಗೆರೆ ದಾಟಿ ದಾಟಿ ಹೊರಗೆ ಹೋದರೂ ಅದೇ ಗತಿ.

ಇಲ್ಲಿ ಒಂದು ಲೆಕ್ಕ ಗಮನಿಸಿ. ಕುಮಿತೆಯಲ್ಲಿ ತಲೆಗೆ ಒಂದು ಕಿಕ್ ಬಿದ್ದರೆ ಮೂರು ಪಂಚ್‌ಗೆ ಸಮ, ಕಿಕ್ ಲೈಟ್‌ನಲ್ಲಿ ಎರಡಕ್ಕೆ ಮಾತ್ರ. ದೂರ ನಿಂತು ಒಂದು ದೊಡ್ಡ ಕಿಕ್‌ಗಾಗಿ ಕಾಯುವ ಆಟ ಇಲ್ಲಿ ನಷ್ಟದ್ದು. ಎದುರಾಳಿ ಮುಂದಿನ ಕೈಯ ಜ್ಯಾಬ್, ಹಿಂದಿನ ಕೈಯ ಕ್ರಾಸ್, ತೊಡೆಗೊಂದು ಕಿಕ್ ಎಂದು ಒಂದೇ ನುಗ್ಗಿಗೆ ಮೂರು ಪಾಯಿಂಟ್ ಎತ್ತಿಕೊಂಡು ಹೋಗುತ್ತಾನೆ.

ಈಗ ಕಾಲಿನ ವಿಷಯ. ಕರಾಟೆಯಿಂದ ಬಂದವರು ಮೊದಲು ಪೆಟ್ಟು ತಿನ್ನುವುದು ಮುಂದಿನ ತೊಡೆಗೆ. ನಿಮ್ಮ ನಿಲುವು ಉದ್ದ, ದೇಹ ಅಡ್ಡಡ್ಡ, ಮುಂದಿನ ಪಾದ ಒಳಮುಖ. ಹೀಗೆ ನಿಂತಾಗ ತೊಡೆಯ ಹೊರಭಾಗ ಪೂರ್ತಿ ತೆರೆದಿರುತ್ತದೆ, ಭಾರ ಮುಂಗಾಲಿನ ಮೇಲೆ ಇರುವುದರಿಂದ ಆ ಕಾಲನ್ನು ಸಮಯಕ್ಕೆ ಎತ್ತಲೂ ಆಗುವುದಿಲ್ಲ. 2009ರ ಅಕ್ಟೋಬರ್‌ನಲ್ಲಿ ಮಿಶ್ರ ಸಮರಕಲೆಯ ಸ್ಪರ್ಧೆ ಯುಎಫ್‌ಸಿಯ ಲೈಟ್ ಹೆವಿವೇಟ್ ಚಾಂಪಿಯನ್ ಆಗಿದ್ದ ಲಿಯೋಟೊ ಮಚಿಡಾ ಎದುರು ಮೌರಿಸಿಯೊ ‘ಶೋಗುನ್’ ರುವಾ ಮಾಡಿದ್ದು ಇದನ್ನೇ. ಮಚಿಡಾ ಶೋಟೊಕಾನ್ ಮನೆತನದಿಂದ ಬಂದವರು, ಅವರು ಎದುರಾಳಿಯಿಂದ ಕಾಯ್ದುಕೊಳ್ಳುವ ದೂರವನ್ನು ಅಲ್ಲಿಯವರೆಗೆ ಯಾರೂ ಮುರಿದಿರಲಿಲ್ಲ. ಶೋಗುನ್ ಮುಖದ ಹಿಂದೆ ಬೀಳದೆ ಐದೂ ರೌಂಡ್ ಕಾಲು, ಪಕ್ಕೆಗಳಿಗೆ ಒದ್ದರು. ತೀರ್ಪು ಮಚಿಡಾ ಪರ ಬಂತು, ಅದು ಸರಿಯೇ ಎಂಬ ವಾದ ಇನ್ನೂ ಮುಗಿದಿಲ್ಲ. 2010ರ ಮೇನಲ್ಲಿ ಮತ್ತೆ ಎದುರಾದಾಗ ಶೋಗುನ್ ಮೊದಲ ರೌಂಡಿನಲ್ಲೇ ನಾಕೌಟ್ ಮಾಡಿ ಬೆಲ್ಟ್ ಕಿತ್ತುಕೊಂಡರು.

ಹಾಗಾಗಿ ಮೊದಲ ಎರಡು ವಾರ ನಿಲುವನ್ನೇ ತಿದ್ದಿ. ಎರಡು ಪಾದಗಳ ನಡುವಿನ ಅಂತರ ಭುಜದ ಅಗಲಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಸಾಕು. ಮುಂದಿನ ಬೆರಳುಗಳು ಎದುರಾಳಿಯ ಕಡೆಗೆ, ಸೊಂಟ ಅರ್ಧ ಮುಂದಕ್ಕೆ, ಭಾರ ಎರಡೂ ಕಾಲಿಗೆ ಸಮ. ಸರಿಯಾಗಿದೆಯೇ ಎಂದು ಪರೀಕ್ಷಿಸಲು ಜೊತೆಗಾರ ಚಪ್ಪಾಳೆ ತಟ್ಟಿದ ತಕ್ಷಣ, ದೇಹವನ್ನು ಹಿಂದಕ್ಕೆ ವಾಲಿಸದೆ ಮುಂದಿನ ಮೊಣಕಾಲನ್ನು ಸೊಂಟದ ಎತ್ತರಕ್ಕೆ ಎತ್ತಿ. ಮೊದಲು ವಾಲಬೇಕಾಗಿ ಬಂದರೆ ಭಾರ ಇನ್ನೂ ಮುಂದೆಯೇ ಇದೆ ಎಂದರ್ಥ.

ಲೋ ಕಿಕ್‌ಗೆ, ಅಂದರೆ ತೊಡೆಗೆ ಬರುವ ಕಿಕ್‌ಗೆ, ಮೂರು ಉತ್ತರಗಳಿವೆ. ಮೊಣಕಾಲನ್ನು 45 ಡಿಗ್ರಿ ಹೊರಕ್ಕೆ ಎತ್ತಿ ಶಿನ್‌ನಿಂದ (ಮೊಣಕಾಲಿನ ಕೆಳಗಿನ ಮುಂಭಾಗದ ಮೂಳೆ) ತಡೆಯುವುದು ಒಂದು. ಮುಂದಿನ ಪಾದವನ್ನಷ್ಟೇ ಹಿಂದಕ್ಕೆ ಎಳೆದು ಕಿಕ್ ಗಾಳಿಯಲ್ಲಿ ಹೋಗಲು ಬಿಡುವುದು ಎರಡನೆಯದು. ಕಿಕ್ ಹೊರಟ ಕ್ಷಣಕ್ಕೇ ನೇರ ಪಂಚ್ ಹಾಕುತ್ತಾ ಒಳನುಗ್ಗುವುದು ಮೂರನೆಯದು. ಕರಾಟೆಯವರಿಗೆ ಮೂರನೆಯದು ರಕ್ತದಲ್ಲೇ ಇದೆ, ಅದನ್ನೇ ಮುಖ್ಯ ಅಸ್ತ್ರ ಮಾಡಿಕೊಳ್ಳಿ. ಆದರೆ ಸುಸ್ತಾದಾಗ ನುಗ್ಗಲು ತಡವಾಗುತ್ತದೆ, ಆಗ ಕೈ ಹಿಡಿಯುವುದು ಮೊದಲನೆಯದು. ಜೊತೆಗಾರ ಶಿನ್ ಗಾರ್ಡ್ ಹಾಕಿ, ಕಾಲು ಭಾಗದಷ್ಟು ಬಲದಲ್ಲಿ, ಒಂದೊಂದು ತೊಡೆಗೂ 20 ಕಿಕ್ ಹಾಕಲಿ. ಮೊದಲ ವಾರ ಹೇಳಿ ಹಾಕಲಿ, ಎರಡನೆಯ ವಾರದಿಂದ ಹೇಳದೆ. ಶಿನ್ ಗಟ್ಟಿಯಾಗಲೆಂದು ಬಾಟಲಿ ಉರುಳಿಸುವುದು, ಕೋಲಿನಿಂದ ತಟ್ಟುವುದು ಬೇಡ. ಚರ್ಮ ಮರಗಟ್ಟುತ್ತದೆ, ಮೂಳೆಗೆ ಗಾಯವಾಗುತ್ತದೆ, ಪಂದ್ಯದಲ್ಲಿ ಹೇಗೂ ಗಾರ್ಡ್ ಇರುತ್ತದೆ.

ತೊಡೆಗೆ ಬಲವಾದ ಪೆಟ್ಟು ಬಿದ್ದಾಗ ನಮ್ಮಲ್ಲಿ ಮೊದಲು ಮಾಡುವುದು ಬಿಸಿ ಎಣ್ಣೆ ಹಚ್ಚಿ ತಿಕ್ಕುವುದು. ಮೊದಲ ಎರಡು ಮೂರು ದಿನ ಅದು ದೊಡ್ಡ ತಪ್ಪು. ಒಳಗೆ ರಕ್ತ ಸೋರುತ್ತಿರುವಾಗ ಶಾಖ ಕೊಟ್ಟು ಒತ್ತಿ ಉಜ್ಜಿದರೆ ಸೋರಿಕೆ ಹೆಚ್ಚುತ್ತದೆ, ಕೆಲವರಲ್ಲಿ ಮಾಂಸಖಂಡದೊಳಗೆ ಮೂಳೆಯಂಥ ಗಡ್ಡೆ ಕಟ್ಟಿ ತಿಂಗಳುಗಟ್ಟಲೆ ಕಾಡುತ್ತದೆ. ಮೊಣಕಾಲನ್ನು ತಡೆದುಕೊಳ್ಳುವಷ್ಟು ಮಡಚಿಟ್ಟು, ಬಟ್ಟೆಯಲ್ಲಿ ಸುತ್ತಿದ ಐಸನ್ನು 15 ನಿಮಿಷ ಇಡಿ, ದಿನಕ್ಕೆ ಮೂರು ನಾಲ್ಕು ಸಲ. ಮೊಣಕಾಲು ಪೂರ್ತಿ ಮಡಚಲು ಬರುವವರೆಗೆ ಆ ಕಾಲಿಗೆ ಸ್ಪಾರಿಂಗ್ (ಅಭ್ಯಾಸದ ಕಾದಾಟ) ಇಲ್ಲ.

ಕೈಗಳ ತಿದ್ದುಪಡಿ ಹೇಳುವುದು ಸುಲಭ, ಮಾಡುವುದು ಬೇಸರದ ಕೆಲಸ. ಗ್ಯಾಕು ಜುಕಿ (ಹಿಂದಿನ ಕೈಯ ನೇರ ಪಂಚ್) ಹಾಕುವಾಗ ಇನ್ನೊಂದು ಕೈ ಸೊಂಟದ ಕಡೆಗೆ ಬರುತ್ತದೆ, ಗದ್ದ ಮೇಲೇಳುತ್ತದೆ, ಹೊಡೆದ ಮೇಲೆ ಮುಖ ತಿರುಗಿಸಿ ಹೊರಬರುವ ಅಭ್ಯಾಸ ಬಹಳ ಮಂದಿಗಿದೆ. ಕಿಕ್ ಲೈಟ್‌ನಲ್ಲಿ ಆ ಬರಿದಾದ ಕೆನ್ನೆಗೆ ಎದುರಾಳಿ ಪಕ್ಕದಿಂದ ಬೀಸುವ ಹುಕ್ ಬರುತ್ತದೆ. ಹೊಡೆಯದ ಕೈ ಕೆನ್ನೆಗೆ ಅಂಟಿರಬೇಕು. ಹೊಡೆದ ಕೈ ಹೋದ ದಾರಿಯಲ್ಲೇ ಭುಜದೆತ್ತರದಲ್ಲಿ ವಾಪಸಾಗಬೇಕು. ಕೆನ್ನೆಗೆ ಅಂಟಿದ ಕೈಯ ಕಂಕುಳಲ್ಲಿ ಒಂದು ಟೆನಿಸ್ ಚೆಂಡು, ಗದ್ದದ ಕೆಳಗೆ ಇನ್ನೊಂದು ಇಟ್ಟುಕೊಂಡು ಶ್ಯಾಡೋ (ಎದುರಾಳಿಯಿಲ್ಲದೆ ಗಾಳಿಗೆ ಹೊಡೆಯುವ ಅಭ್ಯಾಸ) ಮಾಡಿ: ಕೆನ್ನೆಯ ಕೈ ಬದಿಯ ಚೆಂಡು ಬಿದ್ದರೆ ಮೊಣಕೈ ತೆರೆದಿದೆ, ಗದ್ದದ್ದು ಬಿದ್ದರೆ ತಲೆ ಎದ್ದಿದೆ.

ಇನ್ನು ಆ ಎರಡು ಸೆಕೆಂಡು. ಇದಕ್ಕೆ ಮೂರನೇ ವಾರದಿಂದ ಪ್ಯಾಡ್ ಮೇಲೆ ಒಂದೇ ನಿಯಮ: ಒಂದು ಅಥವಾ ಎರಡು ಹೊಡೆತಕ್ಕೆ ನಿಲ್ಲಿಸುವಂತಿಲ್ಲ, ಕನಿಷ್ಠ ಮೂರು, ಮೂರನೆಯದು ಮುಗಿದ ಮೇಲೆ ನೇರ ಹಿಂದಕ್ಕೆ ಹೋಗುವಂತಿಲ್ಲ. ನಿಮ್ಮ ಹಳೆಯ ನುಗ್ಗುವಿಕೆಯನ್ನು ಬಿಡಬೇಡಿ. ಕಿಜಾಮಿ (ಮುಂದಿನ ಕೈಯ ಪಂಚ್), ಗ್ಯಾಕು, ಅದರ ಬೆನ್ನಿಗೇ ಹಿಂಗಾಲಿನ ಲೋ ಕಿಕ್, ಆಮೇಲೆ ಪಕ್ಕಕ್ಕೆ ಒಂದು ಹೆಜ್ಜೆ. ಪ್ಯಾಡ್ ಹಿಡಿದವರು ಪ್ರತಿ ಸಲ ಕೊನೆಯಲ್ಲಿ ನಿಮ್ಮ ತಲೆಯತ್ತ ಪ್ಯಾಡ್ ಬೀಸಬೇಕು, ನೀವು ತಡೆದು ಮತ್ತೊಂದು ಹೊಡೆಯಬೇಕು. ಜಿಮ್‌ನಲ್ಲಿ ಯಾರೂ ‘ಪಾಯಿಂಟ್’ ಎಂದು ಕೂಗಬಾರದು. ನಿಮ್ಮ ಅಶಿ ಬರಾಯಿಯನ್ನೂ (ಕರಾಟೆಯ ಸ್ವೀಪ್) ಉಳಿಸಿಕೊಳ್ಳಿ. ಬಾಕ್ಸಿಂಗ್ ಕಡೆಯಿಂದ ಬಂದವರಿಗೆ ಅದು ಕಾಣುವುದೇ ಇಲ್ಲ, ಬಿದ್ದರೆ ಒಂದು ಪಾಯಿಂಟ್, ಬೀಳದಿದ್ದರೂ ತೂಕ ತಪ್ಪಿದ ಎದುರಾಳಿ ಪಂಚ್‌ಗೆ ಸಿಗುತ್ತಾನೆ. ಪಾದದ ಮಟ್ಟದಲ್ಲೇ ಹಾಕಿ, ಮೊಣಕಾಲಿನ ಹತ್ತಿರ ಹೋದರೆ ತಪ್ಪು.

ಮೂವರು ಬೇರೆ ಬೇರೆ ಆಟದ ಜೊತೆಗಾರರು ಸಿಕ್ಕಿರುವುದು ದೊಡ್ಡ ಅನುಕೂಲ. ಆದರೆ ‘ಬಾ, ಫೈಟ್ ಮಾಡೋಣ’ ಎಂದು ಇಳಿದರೆ ಎಲ್ಲರೂ ತಮ್ಮ ತಮ್ಮ ಆಟವನ್ನೇ ಆಡುತ್ತಾರೆ, ಯಾರಿಗೂ ಏನೂ ದಕ್ಕುವುದಿಲ್ಲ. ಪ್ರತಿ ರೌಂಡಿಗೂ ಷರತ್ತು ಹಾಕಿ. ಬಾಕ್ಸರ್ ಜೊತೆಗಿನ ರೌಂಡಿನಲ್ಲಿ ಅವರಿಗೆ ಎಲ್ಲ ಪಂಚ್, ನಿಮಗೆ ಜ್ಯಾಬ್ ಮತ್ತು ಹೆಜ್ಜೆ ಮಾತ್ರ. ಪಂಚ್‌ಗಳು ನಿಲ್ಲದೆ ಬರುತ್ತವೆ ಎನ್ನುವುದಕ್ಕೆ ಕಣ್ಣು ಒಗ್ಗಬೇಕು, ಮುಚ್ಚಬಾರದು. ಕೆಲವು ದಿನ ಬಿಟ್ಟು ನಿಮಗೆ ಲೋ ಕಿಕ್ ಸೇರಿಸಿಕೊಳ್ಳಿ. ತಲೆ ತಗ್ಗಿಸಿ ಮುಂಗಾಲಿಗೆ ಭಾರ ಹಾಕುವ ಬಾಕ್ಸರ್‌ಗೆ ಅದು ಎಷ್ಟು ಕಾಡುತ್ತದೆ ಎಂದು ಆಗ ತಿಳಿಯುತ್ತದೆ.

ಟೇಕ್ವಾಂಡೋ ಆಟಗಾರ್ತಿ ಮುಂದಿನ ಕಾಲನ್ನು ಕೆಳಗಿಡದೆ ಎರಡು ಮೂರು ಕಿಕ್ ಹಾಕಬಲ್ಲರು. ಅವರ ನಿಯಮದಲ್ಲಿ ಮುಖಕ್ಕೆ ಪಂಚ್ ಇಲ್ಲ, ಸೊಂಟದ ಕೆಳಗೆ ಕಿಕ್ ಇಲ್ಲ, ಹಾಗಾಗಿ ಕೈ ಕೆಳಗಿರುತ್ತದೆ, ಊರಿದ ಕಾಲಿಗೆ ಕಾವಲಿಲ್ಲ. ಅವರಿಗೆ ಕಿಕ್ ಮಾತ್ರ, ನಿಮಗೆ ಅದರೊಳಗೆ ಹೊಕ್ಕು ಪಂಚ್ ಮಾತ್ರ ಎಂದು ಎರಡೆರಡು ನಿಮಿಷ ಆಡಿ. ತೂಕದ ಅಂತರ ಇದ್ದರೆ ಭಾರವಿರುವವರೇ ಬಲ ಇಳಿಸಬೇಕು, ಇದರಲ್ಲಿ ಚೌಕಾಶಿ ಇಲ್ಲ. ಊರಿದ ಕಾಲಿಗೆ ಹೊಡೆಯುವುದನ್ನು ಸ್ಪಾರಿಂಗ್‌ನಲ್ಲಿ ಮುಟ್ಟಿ ತೋರಿಸಿದರೆ ಸಾಕು, ಮೊಣಕಾಲಿನ ಲಿಗಮೆಂಟ್ ಹೋದರೆ ಅವರ ವರ್ಷವೇ ಹೋಗುತ್ತದೆ.

ಪೈಲ್ವಾನರ ಪಟ್ಟುಗಳಿಗೆ ಕಿಕ್ ಲೈಟ್‌ನಲ್ಲಿ ಜಾಗವಿಲ್ಲ, ಆದರೂ ಅವರನ್ನು ಬಿಡಬೇಡಿ. ಭುಜಕ್ಕೆ ಭುಜ ಕೊಟ್ಟು ಅವರು ತಳ್ಳಲಿ, ನೀವು ಹಿಡಿಯದೆ, ಗೆರೆ ದಾಟದೆ, ಮೂರು ಸೆಕೆಂಡಿನಲ್ಲಿ ಪಕ್ಕಕ್ಕೆ ತಿರುಗಿ ಬಿಡಿಸಿಕೊಳ್ಳಿ. ಅಂಚಿಗೆ ಸಿಕ್ಕಿಹಾಕಿಕೊಂಡಾಗ ಇದೇ ಬೇಕಾಗುವುದು. ಕುತ್ತಿಗೆಯ ಕಸರತ್ತನ್ನೂ ಅವರಿಂದಲೇ ಕಲಿಯಿರಿ, ಆದರೆ ತಲೆಯನ್ನು ನೆಲಕ್ಕೂರಿ ಸೇತುವೆ ಹಾಕುವುದನ್ನು ಹತ್ತು ವಾರದ ಆತುರದಲ್ಲಿ ಮಾಡಬೇಡಿ, ಕೈಯಿಂದ ತಲೆಯನ್ನು ನಾಲ್ಕು ದಿಕ್ಕಿಗೂ ಒತ್ತಿ ಹಿಡಿಯುವ ಅಭ್ಯಾಸ ಸಾಕು. ಮುಂದೆಂದಾದರೂ ಚೀನಾದ ಕಾದಾಟದ ಆಟ ವುಶು ಸಾಂಡಾ ಆಡುವ ಮನಸ್ಸಾದರೆ ಅವರ ಬೆಲೆ ಇನ್ನೂ ಹೆಚ್ಚು. ಅಲ್ಲಿ ಕಿಕ್ ಹಿಡಿದು ಕೆಡವಿದರೆ ಪಾಯಿಂಟ್, ಸಡಿಲವಾಗಿ ಎತ್ತಿದ ಪ್ರತಿ ಕಾಲೂ ಎದುರಾಳಿಗೆ ಕೊಟ್ಟ ಹಿಡಿ.

ಉಸಿರಿನ ಲೆಕ್ಕವೂ ಬೇರೆ. ಕುಮಿತೆಯಲ್ಲಿ ಒಂದೆರಡು ಸೆಕೆಂಡ್ ಸ್ಫೋಟ, ಆಮೇಲೆ ಬಿಡುವು. ಕಿಕ್ ಲೈಟ್‌ನಲ್ಲಿ ಮೊದಲ ರೌಂಡಿನ ಒಂದೂವರೆ ನಿಮಿಷಕ್ಕೆ ಕರಾಟೆಯವರ ಕೈ ಕೆಳಗೆ ಬರುತ್ತದೆ, ಕಾರಣ ಅವರು ಪ್ರತಿ ಹೊಡೆತವನ್ನೂ ಕೊನೆಯ ಹೊಡೆತ ಎಂಬಂತೆ ಬಿಗಿಹಿಡಿದು ಹೊಡೆಯುತ್ತಾರೆ. ಮೊದಲ ಎರಡು ವಾರ ವಾರಕ್ಕೆ ಎರಡು ಸಲ, ಮಾತಾಡಿಕೊಂಡು ಓಡಬಹುದಾದ ವೇಗದಲ್ಲಿ 30–35 ನಿಮಿಷ ಓಟ ಮತ್ತು ಎರಡು ನಿಮಿಷದ ಆರು ರೌಂಡ್ ಶ್ಯಾಡೋ. ಮೂರರಿಂದ ಆರನೇ ವಾರ ಬ್ಯಾಗ್ ಮೇಲೆ 20 ಸೆಕೆಂಡ್ ಪೂರ್ಣ ವೇಗ, 40 ಸೆಕೆಂಡ್ ಹಗುರ, ಹೀಗೆ ಎಂಟು ಸಲ. ಐದನೇ ವಾರದಿಂದ ಅದು 30ಕ್ಕೆ 30. ಏಳರಿಂದ ಒಂಬತ್ತನೇ ವಾರದಲ್ಲಿ ವಾರಕ್ಕೊಮ್ಮೆ ಮಾತ್ರ ಪೂರ್ತಿ ನಿಯಮದ ಪಂದ್ಯ: ಮೂರು ರೌಂಡ್, ಪ್ರತಿ ರೌಂಡಿಗೂ ಸುಸ್ತಾಗದ ಹೊಸ ಎದುರಾಳಿ. ಮುಗಿದ 40 ನಿಮಿಷಕ್ಕೆ ಎರಡನೇ ಪಂದ್ಯ, ಇದು ಬ್ಯಾಗ್ ಮೇಲೆ. ಟೂರ್ನಮೆಂಟಿನಲ್ಲಿ ಒಂದೇ ದಿನ ಎರಡು ಮೂರು ಪಂದ್ಯ ಬರಬಹುದು, ಎರಡನೆಯದಕ್ಕೆ ಇಳಿಯುವಾಗ ಕಾಲು ಹೇಗಿರುತ್ತದೆ ಎಂದು ಮೊದಲೇ ಗೊತ್ತಿರಬೇಕು. ಕೊನೆಯ ಗಟ್ಟಿ ಸ್ಪಾರಿಂಗ್ ಪಂದ್ಯಕ್ಕೆ ಎಂಟು ಹತ್ತು ದಿನ ಮೊದಲೇ ಮುಗಿಯಲಿ. ಹತ್ತನೇ ವಾರ ಅಭ್ಯಾಸದ ಹೊತ್ತು ಅರ್ಧ, ವೇಗ ಹಾಗೆಯೇ.

ತಲೆಯ ವಿಷಯದಲ್ಲಿ ಖಡಾಖಂಡಿತವಾಗಿ ಹೇಳುತ್ತೇನೆ. ಹೆಡ್‌ಗಾರ್ಡ್ ಚರ್ಮ ಹರಿಯುವುದನ್ನು, ಕಿವಿ ಊದುವುದನ್ನು ತಡೆಯುತ್ತದೆ, ಮಿದುಳು ಅಲುಗುವುದನ್ನು ತಡೆಯುವುದಿಲ್ಲ. ಪೆಟ್ಟಾದ ಮೇಲೆ ತಲೆನೋವು, ಮಂಕು, ವಾಕರಿಕೆ, ಬೆಳಕು ಸಹಿಸದಿರುವುದು, ನಡೆದದ್ದು ನೆನಪಾಗದಿರುವುದು, ಇವುಗಳಲ್ಲಿ ಒಂದು ಕಂಡರೂ ಅಂದಿನ ಅಭ್ಯಾಸ ಅಲ್ಲಿಗೆ ಮುಗಿಯಿತು. ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಪ್ರಜ್ಞೆ ತಪ್ಪುವುದು, ಕೈಕಾಲು ಜೋಮು ಇದ್ದರೆ ನೇರ ಆಸ್ಪತ್ರೆಗೆ. ಮತ್ತೆ ಸ್ಪಾರಿಂಗ್ ಶುರುವಾಗುವುದು ಲಕ್ಷಣ ಪೂರ್ತಿ ಹೋಗಿ, ಹಗುರ ವ್ಯಾಯಾಮ ಮಾಡಿದಾಗಲೂ ಅದು ಮರುಕಳಿಸದೆ, ವೈದ್ಯರು ಒಪ್ಪಿದ ಮೇಲೆ. ಹತ್ತು ವಾರದ ಲೆಕ್ಕ ತಪ್ಪಿದರೆ ಮುಂದಿನ ಟೂರ್ನಮೆಂಟ್ ಇದೆ.

ಸಲಕರಣೆಗೆ 10 ಔನ್ಸ್ ಗ್ಲೌಸ್ ಪಂದ್ಯಕ್ಕೆ, ಸ್ಪಾರಿಂಗ್‌ಗೆ ಸಾಧ್ಯವಾದರೆ 14 ಅಥವಾ 16 ಔನ್ಸ್. ನಾಲ್ಕೂವರೆ ಮೀಟರಿನ ಹ್ಯಾಂಡ್‌ರ‍್ಯಾಪ್, ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿಗೆ ಮೂರು, ಬೆರಳುಗಳ ನಡುವೆ ಒಂದೊಂದು, ಉಳಿದದ್ದು ಮತ್ತೆ ಮಣಿಕಟ್ಟಿಗೆ. ಸುತ್ತುವಾಗ ಬೆರಳು ಅಗಲಿಸಿಟ್ಟುಕೊಳ್ಳಿ, ಇಲ್ಲದಿದ್ದರೆ ಮುಷ್ಟಿ ಕಟ್ಟಿದಾಗ ಕೈ ಜೋಮು ಹಿಡಿಯುತ್ತದೆ. ಹೆಡ್‌ಗಾರ್ಡ್, ಶಿನ್ ಗಾರ್ಡ್, ಫುಟ್ ಪ್ಯಾಡ್, ಪ್ಯಾಂಟಿನ ಒಳಗೆ ಗ್ರೋಯಿನ್ ಗಾರ್ಡ್ ಕಡ್ಡಾಯ. ಕರಾಟೆಯ ತೆಳು ಗಾರ್ಡ್‌ಗಳು ಇಲ್ಲಿ ನಡೆಯುವುದಿಲ್ಲ. ಮೌತ್‌ಗಾರ್ಡನ್ನು ಬಿಸಿನೀರಿನಲ್ಲಿ ಅದ್ದಿ ಹಲ್ಲಿಗೆ ಕೂರಿಸಿದ ಮೇಲೆ ಬಾಯಿ ತೆರೆದು ನೋಡಿ: ಕೈ ಬಿಟ್ಟರೂ ಮೇಲಿನ ಹಲ್ಲಿಗೇ ಅಂಟಿ ನಿಂತರೆ ಸರಿ, ಬಿದ್ದರೆ ಮತ್ತೆ ಕೂರಿಸಿ. ಬ್ಯಾಗ್ ರೌಂಡುಗಳನ್ನೂ ಅದನ್ನು ಹಾಕಿಕೊಂಡೇ ಆಡಿ, ಉಸಿರು ಒಗ್ಗಬೇಕು.

63 ಕೆಜಿ ಬೇಡ. ಕಿಕ್ ಲೈಟ್‌ನಲ್ಲಿ 69 ಕೆಜಿ ಒಳಗಿನ ವರ್ಗ ಇದೆ, ನೀವು 68 ಇದ್ದೀರಿ, ಅದು ನಿಮ್ಮದೇ. ಐದು ಕೆಜಿ ಎಂದರೆ ನಿಮ್ಮ ತೂಕದ ಶೇಕಡಾ 7ಕ್ಕಿಂತ ಹೆಚ್ಚು. ಹೊಸ ನಿಲುವು, ಹೊಸ ಉಸಿರು ಕಟ್ಟಿಕೊಳ್ಳುವ ಹತ್ತು ವಾರದಲ್ಲಿ ಅಷ್ಟನ್ನು ಇಳಿಸಿದರೆ ಅಭ್ಯಾಸಕ್ಕೆ ಬೇಕಾದ ಅನ್ನವೇ ದೇಹಕ್ಕೆ ಸಿಗುವುದಿಲ್ಲ. ಕೊನೆಯ ವಾರದಲ್ಲಿ ನೀರು ಬಿಟ್ಟು, ಪ್ಲಾಸ್ಟಿಕ್ ಸೂಟ್ ಹಾಕಿ ಓಡಿ ಇಳಿಸುವ ದಾರಿ ಇನ್ನೂ ಕೆಟ್ಟದ್ದು. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ಬೆವರು ಇಳಿಸುತ್ತಲೇ ಕೆಲವೇ ವಾರಗಳ ಅಂತರದಲ್ಲಿ ಸತ್ತರು, ಆಮೇಲೆ ಅಲ್ಲಿ ರಬ್ಬರ್ ಸೂಟ್ ನಿಷೇಧವಾಯಿತು, ತೂಕದ ನಿಯಮ ಬದಲಾಯಿತು. ನೀರು ಬತ್ತಿದ ದೇಹಕ್ಕೆ ತಲೆಪೆಟ್ಟು ತಡೆದುಕೊಳ್ಳುವ ಶಕ್ತಿಯೂ ಕಡಿಮೆ ಎಂಬ ಆತಂಕ ಬೇರೆ ಇದೆ.

ಪಂದ್ಯದ ದಿನ ಹೊಸ ತಿಂಡಿ ಪ್ರಯೋಗ ಮಾಡಬೇಡಿ. ಮೂರು ಗಂಟೆ ಮೊದಲು ನಾಲ್ಕು ಇಡ್ಲಿ, ಖಾರವಿಲ್ಲದ ಚಟ್ನಿ, ಬಾಳೆಹಣ್ಣು. ಬೆಣ್ಣೆ ದೋಸೆ ಪಂದ್ಯ ಮುಗಿದ ಮೇಲೆ. ಪಂದ್ಯಗಳ ನಡುವೆ ಬಾಳೆಹಣ್ಣು, ಉಪ್ಪು ಸಕ್ಕರೆ ಹಾಕಿದ ನಿಂಬೆ ಶರಬತ್ತು ಅಥವಾ ಓಆರ್‌ಎಸ್ ಗುಟುಕು ಗುಟುಕಾಗಿ. ಉಗುರು ಕತ್ತರಿಸಿಕೊಂಡು ಹೋಗಿ, ವಯಸ್ಸಿನ ದಾಖಲೆ, ಮೆಡಿಕಲ್ ಸರ್ಟಿಫಿಕೇಟ್ ಜೊತೆಗಿರಲಿ. ನಿಯಮ ವಿವರಿಸುವ ಸಭೆ ತಪ್ಪಿಸಬೇಡಿ. ತಿರುಗಿ ಹಾಕುವ ಹಿಂಗೈ ಹೊಡೆತದಂಥವು ಒಂದು ವಿಭಾಗದಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು, ಅಲ್ಲೇ ಕೇಳಿಕೊಳ್ಳಿ. ಹೆಸರು ಕರೆಯುವ 20 ನಿಮಿಷ ಮೊದಲು ಬೆವರು ಬರುವಷ್ಟು ವಾರ್ಮ್ ಅಪ್, ಅದರಲ್ಲಿ 30 ಸೆಕೆಂಡಿನ ಎರಡು ಪೂರ್ಣ ವೇಗದ ಸುತ್ತು ಇರಲಿ, ಮೊದಲ ಏದುಸಿರು ಮ್ಯಾಟ್‌ನ ಹೊರಗೇ ಮುಗಿದುಹೋಗಲಿ. ಕಾರ್ನರ್‌ನಲ್ಲಿರುವವರು ವಿಶ್ರಾಂತಿಯ ಮೊದಲ 20 ಸೆಕೆಂಡ್ ಏನೂ ಹೇಳದಿರಲಿ. ಆಮೇಲೆ ಒಂದೇ ಮಾತು, ಅದೂ ಮಾಡಬಹುದಾದದ್ದು: ‘ಕೈ ಕೆನ್ನೆಗೆ’, ‘ಎಡಕ್ಕೆ ಹೊರಡು’.

ಕೊನೆಗೆ ನಿಮ್ಮ ಸರ್ ಹೇಳಿದ ಮಾತು. ಅದರಲ್ಲಿ ಹುರುಳಿದೆ. ಟೋಕಿಯೊ ಒಲಿಂಪಿಕ್ಸ್‌ನ ಪುರುಷರ 75 ಕೆಜಿ ಮೇಲಿನ ಕುಮಿತೆ ಫೈನಲ್, 2021ರ ಆಗಸ್ಟ್ 7. ಸೌದಿ ಅರೇಬಿಯಾದ ತಾರೆಗ್ ಹಮೇದಿ 4–1ರಿಂದ ಮುಂದಿದ್ದರು. ಅವರ ಕಿಕ್ ಇರಾನಿನ ಸಜ್ಜಾದ್ ಗಂಜ್‌ಜಾದೆಯ ತಲೆಗೆ ಬಿದ್ದು ಅವರು ಪ್ರಜ್ಞೆ ತಪ್ಪಿದರು. ಹಮೇದಿ ಅನರ್ಹರಾದರು, ಸ್ಟ್ರೆಚರ್ ಮೇಲೆ ಹೋದವರಿಗೆ ಚಿನ್ನ ಬಂತು. ಅದೇ ಕಿಕ್ ಫುಲ್ ಕಾಂಟ್ಯಾಕ್ಟ್ ರಿಂಗಿನಲ್ಲಿ ಗೆಲುವಾಗುತ್ತಿತ್ತು. ಒಂದು ನಿಯಮದಿಂದ ಇನ್ನೊಂದಕ್ಕೆ ಹೋಗಿ ಬರುವವರು ಹೊಡೆತದ ಅಳತೆಯನ್ನು ಪ್ರತಿ ಸಲ ಹೊಸದಾಗಿ ತಿದ್ದಿಕೊಳ್ಳಲೇಬೇಕು. ನೀವು ಆರಿಸಿಕೊಂಡಿರುವುದು ಬಲ ಹಿಡಿತದಲ್ಲಿಡಬೇಕಾದ ಕಿಕ್ ಲೈಟ್ ಆದ್ದರಿಂದ ಅಂತರ ಅಷ್ಟು ದೊಡ್ಡದಲ್ಲ. ಆದರೂ ಕಿಕ್ ಲೈಟ್ ಮುಗಿದ ಮೇಲೆ ಮುಂದಿನ ಕುಮಿತೆಗೆ ಕನಿಷ್ಠ ಮೂರು ವಾರ ಇಟ್ಟುಕೊಳ್ಳಿ. ಮೊದಲ ವಾರ ಯಾರೊಂದಿಗೂ ಸ್ಪಾರಿಂಗ್ ಇಲ್ಲದೆ, ತೂಗುಬಿಟ್ಟ ಕಾಗದದ ಹಾಳೆ ಅಲುಗುವಷ್ಟಕ್ಕೆ ಮಾತ್ರ ಗ್ಯಾಕು ಜುಕಿ ಮತ್ತು ಮವಾಶಿ ಗೇರಿ (ಪಕ್ಕದಿಂದ ಬೀಸುವ ಕಿಕ್), ಪ್ರತಿ ಬದಿಗೂ 50. ಎರಡನೇ ವಾರದಿಂದ ನಿಮ್ಮ ಸರ್ ಎದುರಿಗೇ ಕುಮಿತೆ ಆಡಿ, ‘ಯಮೆ’ ಎಂದು ಕೂಗಲು ಅವರಿಗೇ ಹೇಳಿ.